ಒಂದು ಲೋಟ ನೀರಿನ ಪ್ಯಾಂಟು

ನನ್ನ ಬೆರಳುಗಳಲ್ಲಿ ಗೆರೆಗಳಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರ ನನ್ನನ್ನು ಕಂಡರೆ ಕೆಂಪು ದೀಪ ಹಾಕುತ್ತದೆ. ಅಲ್ಲಿಯ ಗುಮಾಸ್ತ ಪ್ರತಿ ಸಲವೂ, "ಕೈ ತೊಳ್ಕೊಂಡು ಬನ್ನಿ ಅಮ್ಮ" ಎನ್ನುತ್ತಾನೆ. ಹತ್ತೊಂಬತ್ತು ವರ್ಷದಿಂದ ತೊಳೆಯುವುದೊಂದೇ ನನ್ನ ಕೆಲಸ ಎಂದು ಅವನಿಗೆ ಯಾರು ಹೇಳಬೇಕು?

ನಮ್ಮದು ಹೊಳೆಯ ಈಚೆ ದಡ. ಒಗೆಯುವ ಶೆಡ್ಡು. ಆಚೆ ದಡ ಬೇರೆ ಜಿಲ್ಲೆ. ಅಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳು ದಿನಾ ಬೆಳಿಗ್ಗೆ ಸೇತುವೆ ದಾಟಿ ಲಾರಿಯಲ್ಲಿ ನಮ್ಮ ಅಂಗಳಕ್ಕೆ ಬಂದು ಬೀಳುತ್ತವೆ. ಬರುವಾಗ ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುವಷ್ಟು ಗಡುಸು. ಅವನ್ನು ಚರ್ಮ ಸುಡುವ ಸೋಡಾ ಹಾಕಿ ಡ್ರಮ್ಮಿನಲ್ಲಿ ಕುದಿಸಿ, ಕಲ್ಲಿನ ಜೊತೆ ತಿರುಗಿಸಿ, ಹಳೇ ಪ್ಯಾಂಟಿನ ಹಾಗೆ ಕಾಣುವಂತೆ ಮಾಡಬೇಕು. ಹೊಸದನ್ನು ಹಳೇದು ಮಾಡಿಸಿಕೊಳ್ಳುವುದಕ್ಕೆ ದುಡ್ಡು ಕೊಡುವ ಜನ ಎಲ್ಲಿದ್ದಾರೋ, ನಾನಂತೂ ಕಂಡಿಲ್ಲ. ಆಮೇಲೆ ಮೂರು ತೊಟ್ಟಿಗಳಲ್ಲಿ ಮೂರು ಸಲ ಜಾಲಿಸಬೇಕು. ಜಾಲಿಸುವವರು ನಾವು ನಲವತ್ತೊಂದು ಹೆಂಗಸರು. ಉಳಿದವರಿಗೆಲ್ಲ ನಾನೇ ಮೇಸ್ತ್ರಿ.

ಮೂರನೇ ತೊಟ್ಟಿಯಿಂದ ತೆಗೆದ ಪ್ಯಾಂಟಿನ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಬೇಕು. ಸೋಡಾ ಉಳಿದಿದ್ದರೆ ಜಾರುತ್ತದೆ. ಪೂರ್ತಿ ಹೋಗಿದ್ದರೆ ಕಿರ್ರ್ ಎನ್ನುತ್ತದೆ. ಕಿರ್ರ್ ಎಂದ ಮೇಲೆ ಬೆಲ್ಟು ಪೋಣಿಸುವ ಪಟ್ಟಿಗೆ ನಮ್ಮ ನಮ್ಮ ಬಣ್ಣದ ದಾರ ಕಟ್ಟುತ್ತೇವೆ. ತಪ್ಪು ಬಂದರೆ ಯಾರ ಕೈಯದು ಎಂದು ಗೊತ್ತಾಗಲಿ ಎಂದು ಹಾಗೆ ಮಾಡಿದ್ದಾರೆ. ನನ್ನದು ಹಳದಿ ದಾರ.

ಶೆಡ್ಡಿನ ಹಿಂದೆ ನಮ್ಮ ಅರವತ್ತು ಕೋಣೆಗಳ ಸಾಲು. ಶೆಡ್ಡಿಗೆ ಬರುವ ದೊಡ್ಡ ಪೈಪಿನಿಂದಲೇ ಒಂದು ಕವಲು ತೆಗೆದು ನಮ್ಮ ನಲ್ಲಿಗಳಿಗೆ ಬಿಟ್ಟಿದ್ದರು. ಸಂಜೆ ಒಂದು ಗಂಟೆ ನೀರು. ಒಟ್ಟು ನೀರಿನಲ್ಲಿ ನಮ್ಮ ಮನೆಗಳಿಗೆ ಬರುತ್ತಿದ್ದದ್ದು ನೂರಕ್ಕೆ ಎರಡು ಪಾಲು. ಉಳಿದ ತೊಂಬತ್ತೆಂಟೂ ಪ್ಯಾಂಟು ಕುಡಿಯುತ್ತಿತ್ತು.

ನನ್ನ ಗಂಡ ದೂರದ ಊರಿನಲ್ಲಿ ಕಟ್ಟಡದ ಕೆಲಸದವನು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನವಿಲ್ಲ. ಮಲಗಿದಲ್ಲೇ ಎಲ್ಲ. ದಿನಕ್ಕೆ ಎರಡು ಸಲ ಮೈ ತೊಳೆಸಬೇಕು, ಹಾಸಿಗೆಯ ಬಟ್ಟೆ ಒಗೆಯಬೇಕು. ನೀರು ಕಡಿಮೆಯಾದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇಷ್ಟಾದರೂ ಅವಳ ಬಾಯಿಗೆ ಲಕ್ವ ಹೊಡೆದಿರಲಿಲ್ಲ.

"ಚಿಕ್ಕವಳು ಹೂವು ಮುಟ್ಟಿದ ಹಾಗೆ ತೊಳೀತಾಳೆ ಕಣೇ. ನಿನ್ನ ಕೈಲಿ ಸ್ನಾನ ಮಾಡಿದ್ರೇನೇ ಮೈ ಕಿರ್ರ್ ಅನ್ನೋದು" ಎನ್ನುತ್ತಿದ್ದಳು.

ಈ ಒಂದು ಮಾತಿಗಾಗಿ ನಾನು ಎಷ್ಟು ಕೊಡ ನೀರನ್ನಾದರೂ ಹೊತ್ತೇನು. ಯಾಕೆಂದರೆ ಚಿಕ್ಕವಳು, ಅಂದರೆ ನನ್ನ ತಂಗಿ, ಉಳಿದೆಲ್ಲದರಲ್ಲೂ ನನ್ನನ್ನು ಹಿಂದೆ ಹಾಕಿದವಳು. ನಾಲ್ಕು ವರ್ಷಕ್ಕೆ ನನ್ನನ್ನು ಅಮ್ಮನ ಮಡಿಲಿನಿಂದ ಇಳಿಸಿ ತಾನು ಹತ್ತಿಕೊಂಡಳು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ದುಡಿದೆ, ಅವಳು ಹತ್ತು ಓದಿದಳು. ಅವಳಿಗೆ ಆಚೆ ದಡದ ಗಂಡು ಸಿಕ್ಕ. ಆಚೆ ದಡದ ಹೊಲಿಗೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಕಾರ್ಖಾನೆಯ ಮನೆ ಸಿಕ್ಕಿತು. ಹೊಟ್ಟೆಕಿಚ್ಚು ಪಡಬಾರದು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೆ ಇಂಥ ತಂಗಿ ಇರುವುದಿಲ್ಲ.

ತಿಂಗಳಿಗೊಂದು ಭಾನುವಾರ ಅಮ್ಮನನ್ನು ಲಾರಿಯವನ ಪಕ್ಕ ಕೂರಿಸಿಕೊಂಡು ಅವಳ ಮನೆಗೆ ಹೋಗುತ್ತಿದ್ದೆ. ಅವಳ ಬಚ್ಚಲಿನಲ್ಲಿ ತಲೆಯ ಮೇಲಿಂದ ಮಳೆಯ ಹಾಗೆ ನೀರು ಸುರಿಯುವ ನಲ್ಲಿ. ಯಾವ ಹೊತ್ತಿಗೆ ತಿರುಗಿಸಿದರೂ ನೀರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಅದರ ಕೆಳಗೆ ಬಿಟ್ಟರೆ ಅಮ್ಮ ಬಾಯಿ ತೆರೆದು ನಗುತ್ತಿದ್ದಳು. ಆ ನಗು ನನ್ನ ಮನೆಯಲ್ಲಿ ನಾನು ಕೇಳಿರಲಿಲ್ಲ. ನಾನು ಹೊರಗೆ ಟವೆಲು ಹಿಡಿದು ನಿಂತು ಹಲ್ಲು ಕಡಿಯುತ್ತಿದ್ದೆ.

ಒಂದು ಭಾನುವಾರ ತಂಗಿ ಟಿವಿಯ ಮೇಲಿದ್ದ ಫೋಟೋ ತೋರಿಸಿದಳು. ಅವಳ ಕಾರ್ಖಾನೆಗೆ ಫಲಕ ಬಂದಿತ್ತು. ಗಾಜಿನದು, ನೀರಿನ ಹನಿಯ ಆಕಾರ. ಹಿಡಿದುಕೊಂಡವರ ಸಾಲಿನಲ್ಲಿ ಇವಳೂ ಇದ್ದಳು.

"ಇಡೀ ನಾಡಿಗೇ ನಮ್ಮ ಜಿಲ್ಲೆ ಮೊದಲು ಅಕ್ಕ. ಕಡಿಮೆ ನೀರು, ಜಾಸ್ತಿ ಬೆಳವಣಿಗೆ. ನಮ್ಮಲ್ಲಿ ಒಂದು ಪ್ಯಾಂಟಿಗೆ ಒಂದೇ ಲೋಟ ನೀರು ಗೊತ್ತಾ? ಇಸ್ತ್ರಿ ಪೆಟ್ಟಿಗೆಗೆ ಹಾಕೋದು, ಅಷ್ಟೇ."

"ಹೌದಾ" ಎಂದೆ.

"ನಿಮ್ಮ ಕಡೆ ಎಪ್ಪತ್ತು ಲೀಟರ್ ಅಂತೆ. ಫಲಕ ಕೊಟ್ಟ ಸಾಹೇಬ್ರು ಭಾಷಣದಲ್ಲಿ ಹೇಳಿದ್ರು. ಯಾಕಕ್ಕ ಅಷ್ಟು ಚೆಲ್ತೀರ?"

ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅದೇ ನನಗೆ ಇನ್ನೂ ಉರಿಯಿತು. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದೆ. ಅಮ್ಮ, "ಏನಾಯ್ತೇ ನಿನಗೆ, ಹಲ್ಲು ನೋವಾ?" ಎಂದು ಕೇಳಿದಳು.

ಮುಂದಿನ ವಾರವೇ ನೀರು ಹಂಚಿಕೆ ಕಚೇರಿಯಿಂದ ಒಬ್ಬರು ನಮ್ಮ ಶೆಡ್ಡಿಗೆ ಬಂದರು. ತೊಟ್ಟಿ, ಪೈಪು, ಬಕೆಟ್ಟು ಎಲ್ಲವನ್ನೂ ಅಳೆದರು. ನಮ್ಮಲ್ಲಿ ಪಟಾಕಿ ಎಂಬ ಹೆಂಗಸೊಬ್ಬಳಿದ್ದಾಳೆ. ಬಾಯಿ ಬಿಟ್ಟರೆ ಸಿಡಿಯುತ್ತಾಳೆ. "ಇನ್ನು ನಮ್ಮ ಸೊಂಟದ ಸುತ್ತಳತೆ ಒಂದು ಬಾಕಿ ಇದೆ" ಎಂದಳು. ಅಂದಿನಿಂದ ಅವರಿಗೆ ಅಳತೆ ಸಾಹೇಬ ಎಂದೇ ಹೆಸರಾಯಿತು.

ಅಳತೆ ಸಾಹೇಬರು ನಮ್ಮನ್ನು ಅಂಗಳದಲ್ಲಿ ಕೂರಿಸಿ ಒಂದು ಚಿತ್ರ ತೋರಿಸಿದರು. ಎರಡು ಕಂಬಗಳ ಚಿತ್ರ. ಒಂದು ಆಳೆತ್ತರ, ಇನ್ನೊಂದು ಮೊಣಕಾಲೆತ್ತರ.

"ಇದು ಆಚೆ ಜಿಲ್ಲೆ. ಒಂದು ಲೀಟರ್ ನೀರಿನಿಂದ ಅವರು ಇಷ್ಟು ದುಡ್ಡು ಹುಟ್ಟಿಸ್ತಾರೆ. ಇದು ನೀವು. ಅದೇ ಒಂದು ಲೀಟರ್, ಹುಟ್ಟೋದು ಇಷ್ಟೇ."

ನಲವತ್ತೊಂದು ಹೆಂಗಸರೂ ತಲೆ ತಗ್ಗಿಸಿದೆವು. ಮಾಡದ ಕಳ್ಳತನಕ್ಕೆ ಸಿಕ್ಕಿಬಿದ್ದ ಹಾಗಿತ್ತು.

ಪಕ್ಕದಲ್ಲಿ ನಿಂತಿದ್ದ ಶೆಡ್ಡಿನ ಯಜಮಾನ ಗಂಟಲು ಸರಿಮಾಡಿಕೊಂಡ. "ಮೂರು ತಿಂಗಳು ಟೈಮು ಕೊಟ್ಟಿದ್ದಾರೆ. ನೀರು ಉಳಿಸಿ ತೋರಿಸಿ. ಉಳಿದ ನೀರು ನಿಮಗೇ. ಮನೆ ಸಾಲಿಗೆ ದಿನಪೂರ್ತಿ ನಲ್ಲಿ ಬಿಡಿಸ್ತೀನಿ. ಫಲಕವೂ ಬರುತ್ತೆ."

ದಿನಪೂರ್ತಿ ನಲ್ಲಿ! ಅಮ್ಮನ ನಗು ನನ್ನ ಕಿವಿಯಲ್ಲಿ ಕೇಳಿಸಿತು. ಫಲಕ ಎಂದಾಗ ತಂಗಿಯ ಟಿವಿಯ ಮೇಲಿನ ಫೋಟೋ ಕಣ್ಣ ಮುಂದೆ ಬಂತು. ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಕುಣಿಸಿತು ಎಂದು ಕೇಳಬೇಡಿ. ಎದ್ದು ನಿಂತು, "ನಾವು ಉಳಿಸ್ತೀವಿ ಸಾರ್" ಎಂದುಬಿಟ್ಟೆ.

ಉಪಾಯ ನಂದೇ. ಮೂರನೇ ತೊಟ್ಟಿಯ ನೀರನ್ನು ಚರಂಡಿಗೆ ಬಿಡದೆ ಎರಡನೇದಕ್ಕೆ ತಿರುಗಿಸಿದೆವು. ಎರಡನೇದನ್ನು ಮೊದಲನೇದಕ್ಕೆ. ಹೊಸ ನೀರು ಮೂರನೇ ತೊಟ್ಟಿಗೆ ಮಾತ್ರ. ಎಪ್ಪತ್ತು ಲೀಟರು ನಲವತ್ತೈದಕ್ಕೆ ಇಳಿಯಿತು. ಇದನ್ನು ಯಾವ ಇಂಜಿನಿಯರೂ ಹೇಳಿಕೊಟ್ಟಿರಲಿಲ್ಲ. ಆದರೆ ಮೊದಲ ತೊಟ್ಟಿಯಲ್ಲಿ ನಿಲ್ಲುವವರ ಕೈಗೆ ಈಗ ಮೂರು ಪಟ್ಟು ಸೋಡಾ. ಒಂದೇ ತಿಂಗಳಲ್ಲಿ ಉಗುರಿನ ಸುತ್ತ ಕೀವಾಯಿತು. ಬೆರಳ ಸಂದು ಬಿರಿಯಿತು. ಒಬ್ಬೊಬ್ಬರು ವಾರಕ್ಕೊಂದು ಸರದಿ ಎಂದು ಹಂಚಿಕೊಂಡೆವು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನೆ ಸಾಲಿನ ನೀರೂ ಅದೇ ಮೀಟರಿನಲ್ಲಿ ಓಡುತ್ತದೆ ಎಂದು ನನಗೆ ಹೊಳೆಯಿತು. ಮನೆಮನೆಗೂ ಹೋಗಿ, "ಮೂರು ತಿಂಗಳು ತಡ್ಕೊಳ್ಳಿ. ನಲ್ಲಿ ಅರ್ಧ ಗಂಟೆ ಸಾಕು. ಲೆಕ್ಕ ಚೆನ್ನಾಗಿ ಕಾಣ್ಲಿ. ಆಮೇಲೆ ದಿನವಿಡೀ ನೀರು" ಎಂದು ಬೇಡಿದೆ. ಒಪ್ಪಿದರು. ಮೇಸ್ತ್ರಿಯ ಮಾತಲ್ಲವೇ? ಮಕ್ಕಳ ಸ್ನಾನ ವಾರಕ್ಕೆ ಎರಡಾಯಿತು. ಅಮ್ಮನಿಗೆ ದಿನಕ್ಕೆ ಒಂದೇ ಬಕೆಟ್ಟು.

"ಕಿರ್ರ್ ಅನ್ನಲ್ವಲ್ಲೇ" ಎಂದಳು ಅಮ್ಮ.

"ಮೂರು ತಿಂಗಳು ಕಣಮ್ಮ. ಆಮೇಲೆ ಅವಳ ಮನೆಗಿಂತ ಜಾಸ್ತಿ ನೀರು ಬರುತ್ತೆ ನೋಡು."

"ಅವಳ ಮನೆ ಸುದ್ದಿ ಈಗ್ಯಾಕೆ?" ಎಂದು ಅಮ್ಮ ಸರಿಯಿದ್ದ ಬಲಗಣ್ಣಿನಿಂದ ನನ್ನನ್ನು ದಿಟ್ಟಿಸಿದಳು. ನಾನು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದೆ.

ಮೂರು ತಿಂಗಳಾಯಿತು. ಅಳತೆ ಸಾಹೇಬರು ಮೀಟರು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಮೂರರಲ್ಲಿ ಒಂದು ಪಾಲು ನೀರು ಉಳಿದಿತ್ತು. ನಾವು ಚಪ್ಪಾಳೆ ತಟ್ಟಿದೆವು. ಬಿರಿದ ಕೈಯಲ್ಲಿ ಚಪ್ಪಾಳೆ ತಟ್ಟಿದರೆ ಏನಾಗುತ್ತದೆಂದು ತಟ್ಟಿದವರಿಗೇ ಗೊತ್ತು.

ಹದಿನೈದು ದಿನಕ್ಕೆ ಆದೇಶ ಬಂತು. ಯಜಮಾನ ಅದನ್ನು ಓದಲಿಲ್ಲ, ಗೋಡೆಗೆ ಅಂಟಿಸಿ ಒಳಗೆ ಹೋದ. ಪಟಾಕಿಯ ಮಗಳು ಓದಿ ಹೇಳಿದಳು. ನಮ್ಮ ಶೆಡ್ಡಿಗೆ ಈಗ ಬಳಸುತ್ತಿರುವ ನೀರೇ ಸಾಕೆಂದು ಸಾಬೀತಾಗಿದೆ. ಆದ್ದರಿಂದ ಇನ್ನು ಮುಂದೆ ಪಾಲು ಅಷ್ಟೇ. ನಾವು ಉಳಿಸಿದ ಮೂರನೇ ಒಂದು ಪಾಲನ್ನು ಹೆಚ್ಚು ಬೆಳವಣಿಗೆ ಇರುವ ಆಚೆ ಜಿಲ್ಲೆಗೆ ಕೊಡಲಾಗಿದೆ. ದಿನದ ಪಾಲು ಮುಗಿದರೆ ಮೀಟರು ತಾನೇ ನಿಂತು ನೀರು ಬಂದ್ ಆಗುತ್ತದೆ.

ಅದೇ ವಾರ ಯಜಮಾನ ದಿನಕ್ಕೆ ಐದು ಸಾವಿರ ಪ್ಯಾಂಟಿಗೆ ಒಪ್ಪಿಕೊಂಡ. ಮೊದಲು ಇದ್ದದ್ದು ನಾಲ್ಕು ಸಾವಿರ. ನೀರು ಅಷ್ಟೇ, ಪ್ಯಾಂಟು ಜಾಸ್ತಿ. ಎಲ್ಲಿಂದ ತರುವುದು? ಮೊದಲು ಮನೆ ಸಾಲಿನ ನಲ್ಲಿಗೆ ಕತ್ತರಿ ಹಾಕಿದ. ದಿನ ಬಿಟ್ಟು ದಿನ ಕಾಲು ಗಂಟೆ. ಆಮೇಲೆ ತೊಟ್ಟಿಗಳಿಗೆ ಬಿಡುವ ಹೊಸ ನೀರನ್ನೂ ಇಳಿಸಿದ.

ನಾನು ಅಳತೆ ಸಾಹೇಬರ ಕಚೇರಿಗೇ ಹೋದೆ. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ ಆಮೇಲೆ ಕರೆದರು.

"ಸಾರ್, ನಾವು ಉಳಿಸಿದ್ದು ನಮ್ಮ ಮನೆಗೆ ಅಂತ."

"ಹಾಗಂತ ನಾನು ಹೇಳಿಲ್ಲಮ್ಮ. ನಿಮ್ಮ ಯಜಮಾನ್ರು ಹೇಳಿರಬಹುದು."

"ನಮ್ಮಮ್ಮ ಹಾಸಿಗೆ ಹಿಡಿದವಳು ಸಾರ್. ಎರಡು ಬಕೆಟ್ ಬೇಕು."

ಅವರು ಒಳ್ಳೆಯ ಮನುಷ್ಯರೇ. ಕುಡಿಯಲು ನೀರು ತರಿಸಿಕೊಟ್ಟರು. ಆಮೇಲೆ ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು. "ನೋಡಿ, ಮನೆಗೆ ಹೋಗೋ ನೀರು ಏನೂ ದುಡಿಯೋದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಸೊನ್ನೆ. ಸೊನ್ನೆಗೆ ನೀರು ಕೊಡೋಕೆ ನನಗೆ ಅಧಿಕಾರ ಇಲ್ಲ."

ಸಾಲಿನ ಹೆಂಗಸರು ನನ್ನ ಜೊತೆ ಮಾತು ಬಿಟ್ಟರು. ಪಟಾಕಿ ಮಾತ್ರ ಬಿಡಲಿಲ್ಲ. "ನಿನ್ನ ತಂಗಿ ಮೇಲಿನ ಹೊಟ್ಟೆಕಿಚ್ಚಿಗೆ ನಮ್ಮ ಮಕ್ಕಳ ಸ್ನಾನ ಮಾರಿದ್ಯಲ್ಲೇ, ಮೇಸ್ತ್ರಿ" ಎಂದು ಎಲ್ಲರ ಎದುರಿಗೇ ಅಂದಳು. ಅವಳ ಕಣ್ಣು ತಪ್ಪಿಸಲು ನಾನು ತೊಟ್ಟಿಗೆ ಬಗ್ಗಿದೆ. ಸುಳ್ಳೇನೂ ಹೇಳಿರಲಿಲ್ಲ ಅವಳು.

ಇಪ್ಪತ್ತು ದಿನಕ್ಕೆ ಅಮ್ಮನ ಬೆನ್ನಿನಲ್ಲಿ ಹುಣ್ಣು ಕಾಣಿಸಿತು. ಕೋಣೆಯಲ್ಲಿ ವಾಸನೆ. ಅಮ್ಮ ತಮಾಷೆ ಮಾಡುವುದನ್ನು ನಿಲ್ಲಿಸಿದಳು. ತಂಗಿ ಫೋನಿನಲ್ಲಿ ಕೇಳಿಸಿಕೊಂಡು ಮರುದಿನವೇ ಬಾಡಿಗೆ ಕಾರಿನಲ್ಲಿ ಬಂದಳು. ಬಾಗಿಲಲ್ಲಿ ನಿಂತು ಒಂದು ಕ್ಷಣ ಮೂಗಿಗೆ ಕೈ ಒಯ್ದಳು. ತಕ್ಷಣ ಇಳಿಸಿದಳು. ನಾನು ಅದನ್ನು ನೋಡಿದೆ.

"ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ ಅಕ್ಕ."

"ಹುಣ್ಣು ವಾಸಿಯಾಗೋವರೆಗೆ."

"ಹೂಂ. ಆಮೇಲೆ ನೋಡೋಣ."

ಆಮೇಲೆ ನೋಡೋಣ ಎಂದರೆ ಏನೆಂದು ನನಗೆ ಗೊತ್ತು. ನಾನೇ ಅಮ್ಮನನ್ನು ಎತ್ತಿ ಕಾರಿನಲ್ಲಿ ಕೂರಿಸಿದೆ. ಅಮ್ಮ ಸ್ವಾಧೀನವಿದ್ದ ಬಲಗೈಯಿಂದ ನನ್ನ ಕೆನ್ನೆ ಸವರಿ, "ನಿನ್ನ ಕೈಗೆ ಎಣ್ಣೆ ಹಚ್ಕೋ" ಎಂದಳು. ಕಾರು ಸೇತುವೆ ಹತ್ತುವವರೆಗೂ ನಿಂತಿದ್ದೆ. ನನ್ನದು ಎಂದು ಒಂದೇ ಒಂದಿತ್ತು, ಅದನ್ನೂ ಅವಳು ಒಯ್ದಳು. ನಾನು ಬೈದದ್ದು ಅವಳನ್ನೇ. ನಲ್ಲಿ ನಿಲ್ಲಿಸಿದವರನ್ನಲ್ಲ. ಹಾಗಿತ್ತು ನನ್ನ ಬುದ್ಧಿ.

ಭಾನುವಾರ ನೋಡಲು ಹೋದೆ. ಕಾರ್ಖಾನೆಯ ಗೇಟಿನಲ್ಲಿ ಹೊಸ ಕಾರಂಜಿ. ನೀರು ಮೂರಾಳೆತ್ತರ ಹಾರಿ ಬೀಳುತ್ತಿತ್ತು. ಸುತ್ತಲೂ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮಕ್ಕಳ ಮೈಮೇಲೆ ಬೀಳಬೇಕಾಗಿದ್ದ ನೀರು ಎಂದು ಕೂಗಬೇಕೆನಿಸಿತು. ಸೆರಗು ಬಿಗಿದುಕೊಂಡು ಒಳಗೆ ನಡೆದೆ.

ಅಮ್ಮ ಒಳಗೆ ಮಲಗಿದ್ದಳು. ಬೆನ್ನು ಒಣಗುತ್ತಿತ್ತು. ತಂಗಿ ಚಾಪೆಯ ಮೇಲೆ ಪ್ಯಾಂಟುಗಳ ರಾಶಿ ಹಾಕಿಕೊಂಡು ಕೂತಿದ್ದಳು. ಭಾನುವಾರ ಮನೆಗೆ ತಂದು ಮಾಡುವ ಹೆಚ್ಚಿನ ಕೆಲಸ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಚೀಟಿಗಳ ಕಟ್ಟು.

"ಈ ದಾರ ಯಾಕೆ ಕಟ್ತಾರೋ. ಕತ್ತರಿಸಿ ಕತ್ತರಿಸಿ ಬೆರಳು ನೋಯುತ್ತೆ" ಎಂದು ಹಳದಿ ದಾರವೊಂದನ್ನು ಕತ್ತರಿಸಿ ಎಸೆದಳು.

"ಅದು ನಾನು ಕಟ್ಟಿದ್ದು" ಎಂದೆ.

"ಯಾವುದು?"

"ಹಳದಿ ದಾರ ನಂದು. ಹಸಿರು ಪಟಾಕಿದು. ಆ ಪ್ಯಾಂಟು ನಾನು ಜಾಲಿಸಿದ್ದು."

ತಂಗಿಯ ಕತ್ತರಿ ನಿಂತಿತು. ಅವಳ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಅಕ್ಷರ ಕೂಡಿಸಿ ಓದಿದೆ. ನೀಲಿ ಹನಿಯ ಚಿತ್ರ. ಅದರ ಕೆಳಗೆ, 'ಒಂದೇ ಲೋಟ ನೀರಿನಲ್ಲಿ ತಯಾರಾದ ಪ್ಯಾಂಟು.'

"ಇದಕ್ಕೆ ನೀನು ಹಾಕಿದ್ದು ಒಂದು ಲೋಟ. ನಿಮ್ಮ ಭಾಷಣದ ಎಪ್ಪತ್ತು ಲೀಟರ್ ಹಾಕ್ತಿದ್ದದ್ದು ನಾನು. ಅದು ಬೇರೆ ಪ್ಯಾಂಟಲ್ಲ, ಇದೇ ಪ್ಯಾಂಟು."

"ನಿಮ್ಮಲ್ಲಿ ಒಗೀತಾರೆ ಅಂತ ಗೊತ್ತಿತ್ತು ಅಕ್ಕ" ಎಂದು ತಂಗಿ ನಿಧಾನವಾಗಿ ಹೇಳಿದಳು. "ಆದ್ರೆ..."

"ನೀರು ನಮ್ಮ ಹೆಸರಲ್ಲಿ ಬರೀತಾರೆ. ಪ್ಯಾಂಟು ಮಾರಿದ ದುಡ್ಡು ನಿಮ್ಮ ಹೆಸರಲ್ಲಿ ಬರೀತಾರೆ. ಆಮೇಲೆ ಎರಡು ಕಂಬ ನಿಲ್ಲಿಸಿ ನಮಗೆ ತೋರಿಸ್ತಾರೆ. ಚೆಲ್ಲೋರು ಅಂತಾರೆ."

ಅಮ್ಮ ಒಳಗಿನಿಂದ, "ಇಬ್ಬರೂ ಏನೇ ಕಚ್ಚಾಡ್ತಿದೀರ?" ಎಂದಳು.

"ಕಚ್ಚಾಡ್ತಿಲ್ಲಮ್ಮ" ಎಂದಳು ತಂಗಿ. ಅವಳ ಮುಖ ಬಿಳಿಚಿಕೊಂಡಿತ್ತು. ರಾಶಿಯಲ್ಲಿ ಇನ್ನೂ ಬಹಳ ಪ್ಯಾಂಟುಗಳಿದ್ದವು. ಅವಳು ಕತ್ತರಿ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಆ ಚೀಟಿಯನ್ನು ತಂದು ನಮ್ಮವರ ಮುಂದೆ ಇಟ್ಟೆ. ತಪ್ಪು ನಂದೇ ಎಂದು ಮೊದಲು ಹೇಳಿದೆ. ಆಮೇಲೆ ಉಳಿದದ್ದನ್ನು ಹೇಳಿದೆ. ಪಟಾಕಿ ಚೀಟಿಯನ್ನು ಮೂರು ಸಲ ಓದಿಸಿಕೊಂಡಳು. ಸಿಡಿಯುತ್ತಾಳೆ ಎಂದು ಎಲ್ಲರೂ ಕಾದೆವು. ಅವಳು ಬಹಳ ತಣ್ಣಗೆ, "ಕೆಲಸ ನಿಲ್ಲಿಸೋದು ಬೇಡ. ನಿಲ್ಲಿಸಿದ್ರೆ ಸೋಮಾರಿಗಳು ಅಂತಾರೆ. ಅವರು ಕೊಟ್ಟ ನೀರಿಗೆ ತಕ್ಕಷ್ಟು ಕೆಲಸ ಮಾಡೋಣ" ಎಂದಳು.

ಹಾಗೇ ಮಾಡಿದೆವು. ಮೊದಲು ಮನೆ ಸಾಲಿನ ವಾಲ್ವು ತೆರೆದೆವು. ಒಂದು ಗಂಟೆ. ಆಮೇಲೆ ತೊಟ್ಟಿಗಳಿಗೆ. ಹಳೇ ಕ್ರಮದಲ್ಲಿ, ಮೂರೂ ತೊಟ್ಟಿಗೂ ಹೊಸ ನೀರು, ಯಾರ ಕೈಯೂ ಸುಡದ ಹಾಗೆ. ಎರಡೂವರೆ ಸಾವಿರ ಪ್ಯಾಂಟು ಕಿರ್ರ್ ಎಂದವು. ಅಷ್ಟರಲ್ಲಿ ದಿನದ ಪಾಲು ಮುಗಿದು ಮೀಟರು ನಿಂತಿತು. ಉಳಿದ ಎರಡೂವರೆ ಸಾವಿರವನ್ನು ಸೋಡಾ ಸಮೇತ ಹಿಂಡಿ, ಗಂಟು ಕಟ್ಟಿ, ಲಾರಿಗೆ ಏರಿಸಿದೆವು.

"ಇದು ಜಾರ್ತಾ ಇದೆಯಲ್ಲಮ್ಮ" ಎಂದ ಲಾರಿಯವನು.

"ಆಚೆ ದಡದಲ್ಲಿ ಜಾಲಿಸ್ಕೊಳ್ಳೋಕೆ ಹೇಳಪ್ಪ. ಅಲ್ಲಿ ನೀರು ಜಾಸ್ತಿ ಇದೆ" ಎಂದೆ.

ಯಜಮಾನ ಹಾರಾಡಿದ. ನಾವು ಗೋಡೆಯ ಆದೇಶ ತೋರಿಸಿದೆವು. ಪಾಲು ದಾಟಿ ಒಂದು ತೊಟ್ಟು ಬಳಸಿಲ್ಲವಲ್ಲ? ಮಂಗಳವಾರವೂ ಹಾಗೇ. ಬುಧವಾರವೂ ಹಾಗೇ. ಆಚೆ ಕಾರ್ಖಾನೆಯಲ್ಲಿ ತೊಟ್ಟಿಗಳಿಲ್ಲ. ಪ್ಯಾಕಿಂಗ್ ಹೆಂಗಸರನ್ನು ಕಾರಂಜಿಯ ಕೊಳಕ್ಕೆ ಇಳಿಸಿ ಜಾಲಿಸಲು ಹಚ್ಚಿದ್ದಾರೆ ಎಂದು ಲಾರಿಯವನು ಸುದ್ದಿ ತಂದ. ಸಾಲಿನ ಹೆಂಗಸರೆಲ್ಲ ನಕ್ಕು ನಕ್ಕು ಸುಸ್ತಾದರು. ನಾನೂ ನಕ್ಕೆ. ತಂಗಿ ಮೊಣಕಾಲುದ್ದ ನೀರಿನಲ್ಲಿ ನಿಂತದ್ದನ್ನು ನೆನೆದು ಇನ್ನೊಂದು ಸಲ ನಕ್ಕೆ.

ಗುರುವಾರ ಮಧ್ಯಾಹ್ನ ಅಳತೆ ಸಾಹೇಬರು ಓಡೋಡಿ ಬಂದರು. ಪ್ಯಾಂಟು ಮಾರಾಟಕ್ಕೆ ಹೋಗದೆ, ಮೂರೇ ದಿನದಲ್ಲಿ ಅವರ ಚಿತ್ರದ ಆಚೆ ಜಿಲ್ಲೆಯ ಎತ್ತರದ ಕಂಬ ಕುಸಿದಿತ್ತು. ಯಜಮಾನ ಅವರ ಹಿಂದೆ. ಮನೆ ಸಾಲಿನ ವಾಲ್ವು ಅಂಗಳದ ನಡುವಿನ ಸಿಮೆಂಟು ಕಟ್ಟೆಯಲ್ಲಿದೆ. ಅದಕ್ಕೆ ಬೀಗ ಹಾಕಲು ಸರಪಳಿ ತಂದಿದ್ದರು. ಅದನ್ನು ನೋಡಿದ್ದೇ ತಡ, ನಾವು ತೊಟ್ಟಿ ಬಿಟ್ಟು ಬಂದು, ವಾಲ್ವು ಪೂರ್ತಿ ತೆರೆದು ಕಟ್ಟೆಯ ಮೇಲೆ ಕೂತೆವು. ಕಟ್ಟೆ ಹಿಡಿಸಿದಷ್ಟು ಮಂದಿ ಮೇಲೆ, ಉಳಿದವರು ಸುತ್ತ ನೆಲದ ಮೇಲೆ.

"ಏಳ್ರೀ" ಎಂದ ಯಜಮಾನ.

"ನಿಮಗೇನು ಬೇಕಮ್ಮ?" ಎಂದು ಕೇಳಿದರು ಸಾಹೇಬರು.

"ನಮಗೆ ಬೇಕಾಗಿದ್ದು ಮನೆಗೆ ನಾಲ್ಕು ಬಕೆಟ್ ಸಾರ್. ಉಳಿದದ್ದೆಲ್ಲ ಪ್ಯಾಂಟಿಗೆ ಬೇಕಾಗಿದ್ದು. ಪ್ಯಾಂಟಿನ ದುಡ್ಡು ಯಾರ ಹೆಸರಲ್ಲಿ ಬರೀತೀರೋ, ಪ್ಯಾಂಟಿನ ನೀರನ್ನೂ ಅವರ ಹೆಸರಲ್ಲಿ ಬರೀರಿ."

ಸಾಹೇಬರು ಫಾರಂ ತಿರುಗಿಸಿ ಮುರುಗಿಸಿ ನೋಡಿದರು. "ಇದರಲ್ಲಿ ಅದಕ್ಕೆ ಕಾಲಂ ಇಲ್ಲ."

"ಒಂದು ಗೆರೆ ಎಳೀರಿ ಸಾರ್. ಪೆನ್ನಿದೆಯಲ್ಲ" ಎಂದಳು ಪಟಾಕಿ.

"ನಾನು ಗೆರೆ ಎಳೆಯೋ ಹಾಗಿಲ್ಲಮ್ಮ. ಸಾಕ್ಷಿ ಬೇಕು. ಆಚೆ ಕಡೆಯವರು ಒಪ್ಪಬೇಕು. ಯಾರು ಒಪ್ತಾರೆ?"

ಅಷ್ಟರಲ್ಲಿ ಲಾರಿ ಅಂಗಳಕ್ಕೆ ಬಂತು. ಜಾಲಿಸಲಾಗದೆ ವಾಪಸು ಕಳಿಸಿದ ಗಂಟುಗಳು ಹಿಂದೆ ತುಂಬಿದ್ದವು. ಮುಂದಿನ ಬಾಗಿಲಿನಿಂದ ತಂಗಿ ಇಳಿದಳು. ಕಾರ್ಖಾನೆಯ ನೀಲಿ ಅಂಗಿ, ಕೊರಳಿನಲ್ಲಿ ಗುರುತಿನ ಚೀಟಿ. ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದಿದ್ದಳು. ಹತ್ತಿರ ಬಂದಾಗ ಕಂಡಿತು. ಬೆರಳುಗಳ ಚರ್ಮ ಸುಲಿದು ಕೆಂಪಾಗಿತ್ತು. ಒಂದು ಉಸಿರಿನಷ್ಟು ಹೊತ್ತು ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಖುಷಿಗೆ ನಾಚಿಕೆಯಾಯಿತು.

"ಯಾರಮ್ಮ ನೀನು?" ಎಂದ ಯಜಮಾನ.

"ನಾನು ಆಚೆ ಕಡೆಯವಳು. ಪ್ಯಾಕಿಂಗಿನವಳು. ಸಾಕ್ಷಿ ಹೇಳೋಕೇ ಬಂದೆ ಸಾರ್, ಬರ್ಕೊಳ್ಳಿ. ನಾವು ಒಂದು ಪ್ಯಾಂಟನ್ನೂ ಒಗೆಯೋದಿಲ್ಲ. ದಾರ ಕತ್ತರಿಸಿ, ಒಂದು ಲೋಟದ ಚೀಟಿ ಕಟ್ತೀವಿ. ಆ ದಾರ ಕಟ್ಟೋರು ಇವರು."

"ನಿನ್ನ ಹೆಸರು ಬರೆದ್ರೆ ನಿನ್ನ ಕೆಲಸ ಉಳಿಯುತ್ತಾ, ಯೋಚನೆ ಮಾಡಿದ್ದೀಯಾ?" ಎಂದ ಯಜಮಾನ.

"ಕಾರಂಜಿಲಿ ಇಳಿದಾಗಲೇ ಯೋಚನೆ ಮಾಡಿದೆ" ಎಂದಳು.

ನಲವತ್ತು ಹೆಂಗಸರೂ ಅವಳಿಗೆ ಚಪ್ಪಾಳೆ ತಟ್ಟಿದರು. ಪಟಾಕಿ ಶಿಳ್ಳೆ ಹಾಕಿದಳು. ಇಷ್ಟು ದಿನ ಜಾಲಿಸಿದವಳು ನಾನು, ಚೀಟಿ ತಂದವಳು ನಾನು, ಚಪ್ಪಾಳೆ ಅವಳಿಗೆ! ಆ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಇದು ಸಾಯುವವರೆಗೂ ಹೋಗುವ ರೋಗವಲ್ಲ ಎಂದು ಕಾಣುತ್ತದೆ.

ಸಾಹೇಬರು ಪೆನ್ನು ತೆಗೆದರು. ಫಾರಂ ನೋಡಿದರು. ಯಜಮಾನನನ್ನು ನೋಡಿದರು. ಪೆನ್ನನ್ನು ಮತ್ತೆ ಜೇಬಿಗೆ ಇಟ್ಟುಕೊಂಡರು. "ಮೇಲಿನವರನ್ನು ಕೇಳ್ಬೇಕು. ಅಲ್ಲಿವರೆಗೆ ವಾಲ್ವು ಮುಚ್ಚಿ, ದಯವಿಟ್ಟು ಜಾಗ ಬಿಡಿ" ಎಂದರು.

ಯಾರೂ ಅಲ್ಲಾಡಲಿಲ್ಲ. ಸರಪಳಿ ಹಿಡಿದವನು ಎರಡು ಹೆಜ್ಜೆ ಮುಂದೆ ಬಂದ.

"ನೀನು ಹೋಗು. ಅಮ್ಮ ಒಬ್ಬಳೇ ಇದಾಳೆ" ಎಂದು ನಾನು ತಂಗಿಗೆ ಹೇಳಿದೆ.

"ಪಕ್ಕದ ಮನೆಯವಳು ಇದಾಳೆ. ಅಮ್ಮನೇ ಕಳಿಸಿದ್ದು. ಅವಳಿಗೆ ನಾನು ಮಾಡಿಸೋ ಸ್ನಾನ ಸಾಕಾಗಿದೆಯಂತೆ, ನಿನ್ನ ಮನೆಗೆ ಬರ್ತಾಳಂತೆ" ಎಂದಳು ತಂಗಿ. ಹೇಳುವಾಗ ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿದ್ದದ್ದು ಏನೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಇರಬಹುದು ಎಂದು ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡು ಕಟ್ಟೆಯ ಹತ್ತಿರ ಬಂದಳು.

"ಸ್ವಲ್ಪ ಸರ್ಕೋ ಅಕ್ಕ" ಎಂದಳು.

ಕಟ್ಟೆಯ ಮೇಲೆ ಒಂದು ಗೇಣು ಜಾಗವೂ ಇರಲಿಲ್ಲ. ನಾನು ಪಟಾಕಿಯನ್ನು ಒತ್ತಿದೆ. ಪಟಾಕಿ ಪಕ್ಕದವಳನ್ನು ಒತ್ತಿದಳು. ತಂಗಿ ಹತ್ತಿ ಕೂತಳು. ಯಜಮಾನ ಫೋನು ತೆಗೆದು ಪೊಲೀಸರನ್ನು ಕರೆಯತೊಡಗಿದ. ನಮ್ಮ ಕೆಳಗೆ, ಪೈಪಿನೊಳಗೆ, ಮನೆಗಳ ಕಡೆಗೆ ನೀರು ಓಡುತ್ತಲೇ ಇತ್ತು.